ಆರನೇ ಎಡ್ವರ್ಡ್ ಎಂಥ ಹುಡುಗ? ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನ ಟ್ಯೂಡರ್ ಮನೆತನ ಅಂದ ಕೂಡಲೇ ಇಬ್ಬರು ನೆನಪಾಗುತ್ತಾರೆ. ಆರು ಮದುವೆಯಾದ ಎಂಟನೇ ಹೆನ್ರಿ, ಮದುವೆಯೇ ಬೇಡ ಅಂದ ಮೊದಲನೇ ಎಲಿಜಬೆತ್. ಇವರಿಬ್ಬರ ನಡುವೆ ಒಬ್ಬ ಹುಡುಗ ಸುಮಾರು ಆರೂವರೆ ವರ್ಷ ರಾಜನಾಗಿದ್ದ. ಒಂಬತ್ತನೇ ವಯಸ್ಸಿಗೆ ಪಟ್ಟ, ಹದಿನೈದಕ್ಕೆ ಸಾವು. ಅವನ ವಿಷಯ ಬಂದಾಗ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ. ಗೊತ್ತಿರುವಷ್ಟನ್ನು ಬಿಡಿಸಿ ಹೇಳಿದ್ದೇನೆ. ನನ್ನ ಅಭಿಪ್ರಾಯ ಎಲ್ಲಿ ಬರುತ್ತದೋ ಅಲ್ಲಿ ಅದು ನನ್ನದು ಅಂತಲೇ ಹೇಳಿದ್ದೇನೆ.

ಎಡ್ವರ್ಡ್ ಯಾರ ಮಗ?

ಎಂಟನೇ ಹೆನ್ರಿ ಮತ್ತು ಅವನ ಮೂರನೇ ಹೆಂಡತಿ ಜೇನ್ ಸೀಮೋರ್ ಅವರ ಮಗ. ಹುಟ್ಟಿದ್ದು 1537ರ ಅಕ್ಟೋಬರ್ 12ರಂದು, ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿ. ಹನ್ನೆರಡು ದಿನಕ್ಕೆ ಬಾಣಂತಿ ತಾಯಿ ತೀರಿಕೊಂಡಳು. ಬೇರೆ ತಾಯಂದಿರಿಗೆ ಹುಟ್ಟಿದ ಇಬ್ಬರು ಅಕ್ಕಂದಿರಿದ್ದರು. ಮೇರಿ ಇಪ್ಪತ್ತೊಂದು ವರ್ಷ ದೊಡ್ಡವಳು, ಎಲಿಜಬೆತ್ ನಾಲ್ಕು ವರ್ಷ.

ಹೋಲ್ಬೈನ್ ಬರೆದ ಅವನ ಚಿತ್ರ ಒಂದಿದೆ. ಈಗ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿ ಆಫ್ ಆರ್ಟ್‌ನಲ್ಲಿದೆ. 1539ರ ಹೊಸ ವರ್ಷಕ್ಕೆ ಹೆನ್ರಿಗೆ ಕೊಟ್ಟ ಉಡುಗೊರೆ ಅದು. ಕೆಂಪು ಬಟ್ಟೆ ತೊಟ್ಟ, ಗುಂಡು ಕೆನ್ನೆಯ ಕೂಸು. ಒಂದು ಕೈಯಲ್ಲಿ ಚಿನ್ನದ ಗಿಲಕಿ, ಅದನ್ನು ರಾಜದಂಡ ಹಿಡಿದ ಹಾಗೆ ಹಿಡಿದಿದೆ. ಇನ್ನೊಂದು ಕೈ ಆಶೀರ್ವಾದ ಮಾಡುವ ಹಾಗೆ ಮೇಲೆದ್ದಿದೆ. ಕೆಳಗೆ ಲ್ಯಾಟಿನ್ ಪದ್ಯ: ಮಗೂ, ನಿನ್ನ ಅಪ್ಪನ ಹಾಗೆ ಆಗು, ಆಗುವುದಾದರೆ ಅವನನ್ನೂ ಮೀರಿಸು. ಆಗ ಅವನಿಗೆ ವಯಸ್ಸು ಸುಮಾರು ಒಂದು ವರ್ಷ ಮೂರು ತಿಂಗಳು. ಅವನ ಬಗ್ಗೆ ಮುಂದೆ ಏನೇ ಓದಿದರೂ ನನಗೆ ಈ ಗಿಲಕಿ ಕಣ್ಣ ಮುಂದೆ ಬರುತ್ತದೆ.

ಅವನು ಹುಟ್ಟಿನಿಂದಲೇ ರೋಗಿಷ್ಠನಾ?

ಅಲ್ಲ. ಇದು ತುಂಬಾ ಹಳೆಯ ತಪ್ಪು. ಹದಿನೈದಕ್ಕೆ ಸತ್ತ ಅನ್ನುವುದು ಗೊತ್ತಿರುವುದರಿಂದ ನಾವು ಹಿಂದಕ್ಕೆ ಹೋಗಿ ಇಡೀ ಬಾಲ್ಯಕ್ಕೇ ಕಾಯಿಲೆ ಅಂಟಿಸಿಬಿಡುತ್ತೇವೆ. ನಾಲ್ಕನೇ ವಯಸ್ಸಿನಲ್ಲಿ, 1541ರಲ್ಲಿ, ಬಿಟ್ಟು ಬಿಟ್ಟು ಬರುವ ಜ್ವರ ಬಂದು ಜೀವಕ್ಕೆ ಅಪಾಯವಾಗಿತ್ತು, ನಿಜ. ಅದು ಬಿಟ್ಟರೆ ಚೆನ್ನಾಗಿಯೇ ಬೆಳೆದ. ಕುದುರೆ ಸವಾರಿ, ಬಿಲ್ಲುಗಾರಿಕೆ, ಓಟದ ಆಟ ಎಲ್ಲ ಇತ್ತು. 1551ರ ವಸಂತದಲ್ಲಿ ತನ್ನ ಕಡೆಯ ಹುಡುಗರ ಗುಂಪು ಕಟ್ಟಿಕೊಂಡು ಪಂದ್ಯ ಆಡಿದ್ದನ್ನು ಅವನೇ ಬರೆದಿಟ್ಟಿದ್ದಾನೆ. ಒಂದು ಬಗೆಯ ಬಾಣದ ಪಂದ್ಯದಲ್ಲಿ ಸೋತೆ, ಇನ್ನೊಂದರಲ್ಲಿ ಗೆದ್ದೆ ಅಂತ. ರಾಜನಾಗಿದ್ದರೂ ಸೋತದ್ದನ್ನು ಮುಚ್ಚಿಟ್ಟಿಲ್ಲ, ಗಮನಿಸಿ.

1552ರ ಏಪ್ರಿಲ್‌ನಲ್ಲಿ ದಡಾರ, ಸಿಡುಬು ಎರಡೂ ಬಂದವು. ಚೇತರಿಸಿಕೊಂಡು ಆ ಬೇಸಿಗೆಯಲ್ಲಿ ದಕ್ಷಿಣ ಇಂಗ್ಲೆಂಡಿನ ಊರೂರು ಸುತ್ತಿದ. ಪೋರ್ಟ್ಸ್‌ಮತ್‌ನಲ್ಲಿ ಕೋಟೆಗಳನ್ನು ನೋಡಿದ. ಕಾಯಿಲೆ ನಿಜವಾಗಿ ಹಿಡಿದದ್ದು ಅದರ ಮುಂದಿನ ಚಳಿಗಾಲದಲ್ಲಿ.

ಅಷ್ಟೊಂದು ಓದಿದ್ದ ಅನ್ನುವುದು ನಿಜವಾ, ಅಥವಾ ಹೊಗಳುಭಟ್ಟರ ಮಾತಾ?

ನಿಜ. ರಿಚರ್ಡ್ ಕಾಕ್ಸ್, ಜಾನ್ ಚೀಕ್ ಅವನ ಮೇಷ್ಟ್ರು. ಲ್ಯಾಟಿನ್, ಗ್ರೀಕ್, ಫ್ರೆಂಚ್ ಮೂರೂ ಕಲಿತ. ಹನ್ನೊಂದನೇ ವಯಸ್ಸಿನಲ್ಲಿ ಪೋಪ್ ವಿರುದ್ಧ ಫ್ರೆಂಚ್‌ನಲ್ಲಿ ಒಂದು ಪ್ರಬಂಧವನ್ನೇ ಬರೆದ. ಇವೆಲ್ಲ ಅವನ ಕೈಬರಹದಲ್ಲೇ ಉಳಿದಿವೆ.

ಹೊರಗಿನವರ ಸಾಕ್ಷಿ ಬೇಕು ಅಂದರೆ ಇಟಲಿಯ ಗಣಿತಜ್ಞ, ವೈದ್ಯ ಜಿರೋಲಾಮೊ ಕಾರ್ಡಾನೊ ಇದ್ದಾನೆ. 1552ರಲ್ಲಿ ಎಡ್ವರ್ಡ್‌ನನ್ನು ಕಂಡು ಲ್ಯಾಟಿನ್‌ನಲ್ಲಿ ಮಾತಾಡಿದ. ಧೂಮಕೇತು ಹೇಗೆ ಆಗುತ್ತದೆ ಅಂತ ಹುಡುಗ ಕೇಳಿದ. ಅಲೆಯುವ ನಕ್ಷತ್ರಗಳ ಬೆಳಕು ಒಂದೆಡೆ ಕೂಡಿದಾಗ ಅಂದ ಕಾರ್ಡಾನೊ. ನಕ್ಷತ್ರಗಳು ಒಂದೊಂದು ಒಂದೊಂದು ವೇಗದಲ್ಲಿ ಚಲಿಸುತ್ತವಲ್ಲ, ಹಾಗಾದರೆ ಆ ಬೆಳಕು ತಕ್ಷಣ ಚದುರಿ ಹೋಗಬೇಕಿತ್ತು ಅಲ್ವಾ ಅಂತ ಹುಡುಗ ತಿರುಗಿ ಕೇಳಿದ. ಹದಿನೈದು ತುಂಬುವ ಹೊತ್ತಿನ ಹುಡುಗ. ಕೊಟ್ಟ ಉತ್ತರವನ್ನು ಸುಮ್ನೆ ನುಂಗಿಕೊಳ್ಳುವ ಜಾತಿಯಲ್ಲ ಅಂತ ಇದರಿಂದ ಗೊತ್ತಾಗುತ್ತದೆ.

ಅದೇ ಕಾರ್ಡಾನೊ ಅವನ ಜಾತಕವನ್ನೂ ಹಾಕಿದ. ಐವತ್ತೈದು ದಾಟುವ ಆಯಸ್ಸು ಅಂದ. ವರ್ಷದೊಳಗೆ ಹುಡುಗ ಹೋಗಿಬಿಟ್ಟ. ಲೆಕ್ಕ ಎಲ್ಲಿ ತಪ್ಪಿತು ಅಂತ ಕಾರ್ಡಾನೊ ಆಮೇಲೆ ಕೂತು ಬರೆಯಬೇಕಾಯಿತು.

ಸೋದರಮಾವನ ತಲೆ ಕಡಿದದ್ದನ್ನು ಒಂದೇ ಸಾಲಿನಲ್ಲಿ ಬರೆದನಂತೆ. ಕಲ್ಲು ಮನಸ್ಸಲ್ವಾ?

ಎಡ್ವರ್ಡ್‌ನ ಹೆಸರಿಗೆ ಎಲ್ಲಕ್ಕಿಂತ ಜಾಸ್ತಿ ಮಸಿ ಬಳಿದದ್ದು ಈ ಒಂದು ಸಾಲು. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನಿಸೋಣ.

ಅವನು ಕೈಯಾರೆ ಬರೆದ ದಿನಚರಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. 1552ರ ಜನವರಿ 22ಕ್ಕೆ ಹೀಗೆ ಬರೆದಿದ್ದಾನೆ: ಬೆಳಿಗ್ಗೆ ಎಂಟು ಒಂಬತ್ತು ಗಂಟೆಯ ನಡುವೆ ಸಾಮರ್ಸೆಟ್ ಡ್ಯೂಕ್‌ನ ತಲೆಯನ್ನು ಟವರ್ ಹಿಲ್ ಮೇಲೆ ಕಡಿದರು. ಅಷ್ಟೇ. ಆ ಡ್ಯೂಕ್ ಎಡ್ವರ್ಡ್ ಸೀಮೋರ್, ತಾಯಿಯ ಒಡಹುಟ್ಟಿದ ಅಣ್ಣ. ಮಾವ ಅನ್ನುವ ಪದ ಕೂಡ ಆ ಸಾಲಿನಲ್ಲಿಲ್ಲ.

ಓದಿದಾಗ ಮೈ ಜುಂ ಅನ್ನುತ್ತದೆ, ಒಪ್ಪುತ್ತೇನೆ. ಆದರೆ ಅದೇ ದಿನಚರಿಯ ಹಿಂದಿನ ಪುಟಗಳನ್ನು ನೋಡಿ. ಅಪ್ಪ ಹೆನ್ರಿ ಸತ್ತದ್ದನ್ನು ಹೇಗೆ ಬರೆದಿದ್ದಾನೆ? ತನ್ನನ್ನೇ 'ಅವನು' ಅಂತ ಕರೆದುಕೊಂಡು ಬರೆದಿದ್ದಾನೆ. ತಂದೆಯ ಸಾವನ್ನು ಅವನಿಗೆ ಎನ್‌ಫೀಲ್ಡ್‌ನಲ್ಲಿ ಮೊದಲು ತಿಳಿಸಿದರು. ಅದೇ ದಿನ ಲಂಡನ್ನಿನಲ್ಲೂ ತಿಳಿಸಿದರು, ಅಲ್ಲಿ ಬಹಳ ಗೋಳಾಟ, ಅಳು ಆಯಿತು. ಊರು ಅತ್ತದ್ದು ಬಂತು, ತಾನು ಅತ್ತದ್ದು ಬರಲಿಲ್ಲ. ಅಪ್ಪನ ಮೇಲೆ ಪ್ರೀತಿ ಇರಲಿಲ್ಲ ಅಂತ ಇದನ್ನು ಓದಿ ಯಾರೂ ಹೇಳುವುದಿಲ್ಲ.

ದಿಂಬಿನ ಕೆಳಗೆ ಬಚ್ಚಿಡುವಂಥ ಡೈರಿ ಇದಲ್ಲ. ಯುದ್ಧ, ಸಾಲ, ನಾಣ್ಯ, ರಾಯಭಾರಿ ಬಂದದ್ದು, ಹೋದದ್ದು, ಯಾರಿಗೆ ಯಾವ ಹುದ್ದೆ ಎಂಬ ಲೆಕ್ಕ ಅದರಲ್ಲಿ ತುಂಬಿದೆ. ರಾಜನಾಗುವವನು ಘಟನೆಗಳನ್ನು ಹೇಗೆ ಬರೆದಿಡಬೇಕು ಅನ್ನುವ ಪಾಠದ ಪಟ್ಟಿ ಪುಸ್ತಕ ಇದು ಅಂತ ನನಗೆ ಅನ್ನಿಸುತ್ತದೆ. ಇಂಥ ಪುಸ್ತಕದಲ್ಲಿ ಎದೆಯ ಮಾತು ಹುಡುಕಿದರೆ ಸಿಗುವುದು ತಣ್ಣನೆಯ ಸಾಲೇ. ಅದಕ್ಕೆ ಹುಡುಗನ ಎದೆಯೇ ತಣ್ಣಗಿತ್ತು ಅಂದುಬಿಡುವುದು ಅವಸರದ ಮಾತು.

ಹಾಗಂತ ಮಾವನನ್ನು ಉಳಿಸಲು ಅವನು ಏನಾದರೂ ಮಾಡಿದನಾ? ಮಾಡಲಿಲ್ಲ. ಅದನ್ನೂ ಹೇಳಬೇಕು. ಮಾವನ ಮೇಲೆ ಹೊರಿಸಿದ ಆರೋಪಗಳನ್ನು ದಿನಚರಿಯಲ್ಲಿ ಉದ್ದಕ್ಕೆ ಬರೆದಿದ್ದಾನೆ. ನಂಬಿದ್ದ ಅಂತಲೇ ಕಾಣುತ್ತದೆ.

ಇನ್ನೊಬ್ಬ ಮಾವ ಅವನ ನಾಯಿಯನ್ನು ಕೊಂದ ಕಥೆ ಏನು?

ಚಿಕ್ಕ ಸೋದರಮಾವ ಥಾಮಸ್ ಸೀಮೋರ್. ನೌಕಾಪಡೆಯ ಮುಖ್ಯಸ್ಥ. ಎಡ್ವರ್ಡ್‌ನ ಮಲತಾಯಿ ಕ್ಯಾಥರೀನ್ ಪಾರ್‌ಳನ್ನು ಹೆನ್ರಿ ಸತ್ತ ಕೆಲವೇ ತಿಂಗಳಿಗೆ ಮದುವೆಯಾದವನು. ದೊಡ್ಡ ಮಾವ ಹುಡುಗನಿಗೆ ಕೈಖರ್ಚಿಗೆ ಕಾಸು ಬಿಚ್ಚುತ್ತಿರಲಿಲ್ಲ. ಚಿಕ್ಕ ಮಾವ ಅರಮನೆಯ ಸೇವಕನೊಬ್ಬನ ಕೈಯಲ್ಲಿ ಗುಟ್ಟಾಗಿ ದುಡ್ಡು ಕಳಿಸುತ್ತಿದ್ದ. ಹುಡುಗನಿಗೆ ಖುಷಿ. ಚಿಕ್ಕ ಮಾವನಿಗೆ ಬೇಕಾಗಿದ್ದದ್ದು ಬೇರೆ: ಅಣ್ಣನ ಅಧಿಕಾರ.

1549ರ ಜನವರಿ 16ರ ರಾತ್ರಿ ಹ್ಯಾಂಪ್ಟನ್ ಕೋರ್ಟಿನಲ್ಲಿ ರಾಜನ ಕೋಣೆಗಳ ಕಡೆ ನುಗ್ಗಿದ. ಹುಡುಗನ ನಾಯಿ ಬೊಗಳಿತು. ಅವನು ಅದಕ್ಕೆ ಗುಂಡು ಹೊಡೆದ. ಸದ್ದಿಗೆ ಕಾವಲಿನವರು ಓಡಿ ಬಂದರು. ಮಾರ್ಚ್ 20ಕ್ಕೆ ಅವನ ತಲೆ ಹೋಯಿತು. ಆ ಸಾವಿಗೆ ಒಪ್ಪಿಗೆ ಕೊಟ್ಟ ಸ್ವಂತ ಅಣ್ಣನ ತಲೆಯೂ ಮೂರು ವರ್ಷದೊಳಗೆ ಹೋಯಿತು. ಹನ್ನೊಂದು ವರ್ಷದ ಹುಡುಗ ಯಾರನ್ನು ನಂಬಬೇಕು ಹೇಳಿ. ದುಡ್ಡು ಕೊಟ್ಟು ಮುದ್ದು ಮಾಡಿದವನು ರಾತ್ರಿ ಪಿಸ್ತೂಲು ಹಿಡಿದು ಬಾಗಿಲಲ್ಲಿ ನಿಂತಿದ್ದ.

ಅವನಿಗೆ ಗೆಳೆಯರಿದ್ದರಾ? ಅವನ ಬದಲು ಏಟು ತಿನ್ನಲು ಒಬ್ಬ ಹುಡುಗನನ್ನು ಇಟ್ಟಿದ್ದರಂತೆ?

ರಾಜನ ಮೈ ಮುಟ್ಟಬಾರದು, ಅದಕ್ಕೆ ಇನ್ನೊಬ್ಬನಿಗೆ ಏಟು ಎಂಬ ಕಥೆ ಚೆನ್ನಾಗಿದೆ. ಆದರೆ ಎಡ್ವರ್ಡ್ ಕಾಲದ ದಾಖಲೆಯಲ್ಲಿ ಅದಕ್ಕೆ ಗಟ್ಟಿ ಆಧಾರವಿಲ್ಲ. ಅವನು ಇನ್ನೂ ರಾಜಕುಮಾರನಾಗಿದ್ದಾಗ ಪಾಠ ಕಲಿಯಲು ಹಟ ಮಾಡಿದನೆಂದು ಮೇಷ್ಟ್ರು ಕಾಕ್ಸ್ ಅವನಿಗೇ ಒಂದು ಏಟು ಬಿಗಿದದ್ದಾಗಿ ಬರೆದಿದ್ದಾನೆ.

ಏಟು ತಿಂದ ಹುಡುಗ ಅಂತ ಹೆಸರಾದವನು ಐರ್ಲೆಂಡಿನ ಬಾರ್ನಬಿ ಫಿಟ್ಜ್‌ಪ್ಯಾಟ್ರಿಕ್. ಅವನು ಎಡ್ವರ್ಡ್‌ನ ಜೀವದ ಗೆಳೆಯ. 1551ರಲ್ಲಿ ಬಾರ್ನಬಿಯನ್ನು ಫ್ರಾನ್ಸಿನ ರಾಜನ ಆಸ್ಥಾನಕ್ಕೆ ಕಳಿಸಿದಾಗ ಇಬ್ಬರೂ ಪತ್ರ ಬರೆದುಕೊಂಡರು. ಈ ಪತ್ರಗಳಲ್ಲಿ ಹುಡುಗ ಸಿಗುತ್ತಾನೆ. ಬೇಸಿಗೆಯ ಪ್ರವಾಸದಲ್ಲಿ ಕೌಡ್ರೆ ಎಂಬ ದೊಡ್ಡ ಮನೆಯಲ್ಲಿ ಇಳಿದುಕೊಂಡಾಗ ನಮಗೆ ಭರ್ಜರಿ ಊಟ ಹಾಕಿದರು, ಅತಿಯೇ ಆಯಿತು ಅಂತ ಬರೆಯುತ್ತಾನೆ. ನೀನು ಅಲ್ಲಿ ಯುದ್ಧ ನೋಡುತ್ತಿದ್ದೀಯ, ನಾವಿಲ್ಲಿ ಬೇಟೆಯಾಡಿಕೊಂಡು ಒಳ್ಳೆಯ ಊರುಗಳನ್ನು ನೋಡುತ್ತಿದ್ದೇವೆ ಅನ್ನುತ್ತಾನೆ. ಜೊತೆಗೆ ಹೆಂಗಸರ ಸಹವಾಸ ಕಡಿಮೆ ಮಾಡು, ಬೈಬಲ್ ಓದು ಅಂತ ಬುದ್ಧಿಮಾತು ಬೇರೆ! ಆ ಬುದ್ಧಿಮಾತೂ ಅವನೇ. ಕಲಿಸಿದ್ದನ್ನು ಪೂರ್ತಿ ನಂಬಿದ್ದ ಹುಡುಗ.

ಗೆಳೆಯರನ್ನು ಕಳೆದುಕೊಂಡದ್ದೂ ಇದೆ. 1551ರ ಜುಲೈನಲ್ಲಿ ಬೆವರು ಜಾಡ್ಯ ಬಂತು. ಮೈಯೆಲ್ಲ ಬೆವರಿ ಕೆಲವೇ ಗಂಟೆಗಳಲ್ಲಿ ಜೀವ ತೆಗೆಯುತ್ತಿದ್ದ ರೋಗ. ಜೊತೆಯಲ್ಲಿ ಬೆಳೆದ ಬ್ರ್ಯಾಂಡನ್ ಅಣ್ಣತಮ್ಮಂದಿರು, ಹೆನ್ರಿ ಮತ್ತು ಚಾರ್ಲ್ಸ್, ಒಂದೇ ದಿನ ಹೋದರು.

ರಾಜ್ಯ ನಡೆಸಿದ್ದು ಯಾರು? ಅವನು ಬರೀ ಸೂತ್ರದ ಗೊಂಬೆಯಾ?

ಮೊದಲ ಎರಡೂವರೆ ವರ್ಷ ಸಾಮರ್ಸೆಟ್ ಡ್ಯೂಕ್, ಅಂದರೆ ದೊಡ್ಡ ಮಾವ. 1549ರಲ್ಲಿ ಎರಡು ದೊಡ್ಡ ದಂಗೆಗಳಾದವು. ಹೊಸ ಇಂಗ್ಲಿಷ್ ಪ್ರಾರ್ಥನಾ ಪುಸ್ತಕ ಬೇಡ ಅಂತ ಡೆವನ್, ಕಾರ್ನ್‌ವಾಲ್ ಜನ ಎದ್ದರು. ಊರಿನ ಗೋಮಾಳಕ್ಕೆ ಬೇಲಿ ಹಾಕುತ್ತಿದ್ದಾರೆ ಅಂತ ನಾರ್ಫೋಕ್‌ನಲ್ಲಿ ರಾಬರ್ಟ್ ಕೆಟ್ ಹಿಂದೆ ರೈತರು ಎದ್ದರು. ಎರಡನ್ನೂ ರಕ್ತದಲ್ಲಿ ಅಡಗಿಸಿದರು. ಆ ಅಕ್ಟೋಬರ್‌ನಲ್ಲಿ ಮಾವನ ಕುರ್ಚಿ ಅಲುಗಾಡಿತು. ಹುಡುಗನನ್ನು ರಾತ್ರೋರಾತ್ರಿ ವಿಂಡ್ಸರ್ ಕೋಟೆಗೆ ಎತ್ತಿಕೊಂಡು ಹೋದ. ನಾನು ಜೈಲಿನಲ್ಲಿದ್ದ ಹಾಗಿದೆ, ಇಲ್ಲಿ ಓಡಾಡಲು ಪಡಸಾಲೆ ಇಲ್ಲ, ತೋಟ ಇಲ್ಲ ಅಂದನಂತೆ ಎಡ್ವರ್ಡ್. ಹನ್ನೆರಡು ತುಂಬಲು ಇನ್ನೂ ಕೆಲವು ದಿನ ಇತ್ತು.

ಆಮೇಲೆ ಬಂದವನು ಜಾನ್ ಡಡ್ಲಿ. ಮುಂದೆ ನಾರ್ಥಂಬರ್‌ಲ್ಯಾಂಡ್ ಡ್ಯೂಕ್ ಆದ. ಇವನು ಜಾಣ. ಹುಡುಗನನ್ನು ದೂರ ಇಡದೆ ಮಂತ್ರಿ ಸಭೆಯಲ್ಲಿ ಕೂರಿಸಿದ, ಕೆಲಸ ಕಲಿಸಿದ. ಎಡ್ವರ್ಡ್ ತಾನೇ ಟಿಪ್ಪಣಿ ಬರೆಯಲು ಶುರು ಮಾಡಿದ: ಯಾವ ಸಾಲ ತೀರಿಸಬೇಕು, ಸಭೆ ಯಾವ ದಿನ ಯಾವ ವಿಷಯಕ್ಕೆ ಕೂರಬೇಕು. ಅವನ್ನು ಯಾರೋ ಬರೆಸಿದರು ಅನ್ನುವವರಿದ್ದಾರೆ. ಎಲ್ಲ ಅವನದೇ ಅನ್ನುವವರೂ ಇದ್ದಾರೆ. ನನ್ನ ಪ್ರಕಾರ ಕಸುಬು ಕಲಿಯಲು ಕೂತ ಹುಡುಗನ ಹಾಗೆ ಇದ್ದ. ಮೊದಲ ವರ್ಷ ಗುರುವಿನ ಕೈ, ಕೊನೆಯ ವರ್ಷ ಹೆಚ್ಚು ಕಡಿಮೆ ತನ್ನ ಕೈ.

ಧರ್ಮದ ವಿಷಯದಲ್ಲಂತೂ ಅವನನ್ನು ಯಾರೂ ದಾರ ಹಿಡಿದು ಆಡಿಸಬೇಕಾಗಿರಲಿಲ್ಲ. 1550ರಲ್ಲಿ ಜಾನ್ ಹೂಪರ್ ಬಿಷಪ್ ಆಗುವಾಗ ತೆಗೆದುಕೊಳ್ಳಬೇಕಾದ ಪ್ರಮಾಣವಚನದಲ್ಲಿ ಸಂತರ ಹೆಸರಿತ್ತು. ಈ ಹುದ್ದೆ ಕೊಟ್ಟಿದ್ದು ಸಂತರಾ, ದೇವರಾ ಅಂತ ಕೇಳಿ, ತನ್ನ ಪೆನ್ನಿನಿಂದಲೇ ಆ ಮಾತನ್ನು ಹೊಡೆದು ಹಾಕಿದನಂತೆ.

ಅಕ್ಕ ಮೇರಿ ಜೊತೆ ಅಷ್ಟು ಕ್ರೂರವಾಗಿ ನಡೆದುಕೊಂಡದ್ದು ಯಾಕೆ?

ಶುರುವಿನಲ್ಲಿ ಅಕ್ಕನ ಮೇಲೆ ತುಂಬಾ ಪ್ರೀತಿ. ಎಂಟು ವರ್ಷದವನಿದ್ದಾಗ ಅವಳಿಗೆ ಲ್ಯಾಟಿನ್‌ನಲ್ಲಿ ಬರೆದ ಪತ್ರದಲ್ಲಿ ಒಂದು ಮಾತಿದೆ. ನನ್ನ ಒಳ್ಳೆಯ ಬಟ್ಟೆಗಳನ್ನು ಅಪರೂಪಕ್ಕೆ ತೊಡುತ್ತೇನೆ, ಆದರೂ ಅವೇ ನನಗೆ ಹೆಚ್ಚು ಇಷ್ಟ, ಹಾಗೇ ನಿನಗೆ ಅಪರೂಪಕ್ಕೆ ಬರೆದರೂ ನಿನ್ನ ಮೇಲೆಯೇ ನನಗೆ ಹೆಚ್ಚು ಪ್ರೀತಿ ಅಂತ. ಅದೇ ಕಾಲದಲ್ಲಿ ಮಲತಾಯಿಗೆ ಬರೆದು, ಅಕ್ಕ ವಿದೇಶಿ ಕುಣಿತ ಗಿಣಿತಕ್ಕೆ ಹೋಗದ ಹಾಗೆ ನೋಡಿಕೊಳ್ಳಿ ಅಂತ ಹೇಳಿದ್ದೂ ಉಂಟು. ಎರಡೂ ಒಂದೇ ಹುಡುಗ!

ಅವನು ಪ್ರಾಟೆಸ್ಟೆಂಟ್, ಅವಳು ಕ್ಯಾಥೊಲಿಕ್. ಅವಳು ಮನೆಯಲ್ಲಿ ಹಳೆಯ ಪದ್ಧತಿಯ ಮಾಸ್ ಪೂಜೆ ಬಿಡಲಿಲ್ಲ. ಅವನಿಗೆ ಅದು ಪಾಪ, ಜೊತೆಗೆ ರಾಜನ ಕಾನೂನು ಮುರಿದ ಹಾಗೆ. 1550ರ ಕ್ರಿಸ್ಮಸ್‌ನಲ್ಲಿ ಅದೇ ಮಾತೆತ್ತಿ ಅವಳನ್ನು ತರಾಟೆಗೆ ತೆಗೆದುಕೊಂಡ. ಅವಳು ಅತ್ತಳು. ಅವಳು ಅಳುವುದನ್ನು ನೋಡಿ ಅವನೂ ಅತ್ತ. ಮುಂದಿನ ಮಾರ್ಚ್‌ನಲ್ಲಿ ಅವಳ ಕಡೆಯ ನಂಟ, ಚಕ್ರವರ್ತಿ ಐದನೇ ಚಾರ್ಲ್ಸ್, ಯುದ್ಧದ ಬೆದರಿಕೆ ಹಾಕಿದ. ಸದ್ಯಕ್ಕೆ ಕಣ್ಣು ಮುಚ್ಚಿಕೊಂಡಿರಬಹುದು ಅಂತ ಬಿಷಪ್‌ಗಳು ಎಡ್ವರ್ಡ್‌ಗೆ ಹೇಳಿದರು. ದೊಡ್ಡವರು ರಾಜಿಯಾದರು, ಹುಡುಗನಿಗೆ ರಾಜಿ ಕಷ್ಟವಾಯಿತು. ಹಟಮಾರಿ ಅನ್ನಿ, ಒಪ್ಪುತ್ತೇನೆ. ಕ್ರೂರಿ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಜೋನ್ ಬೋಚರ್‌ಳನ್ನು ಸುಟ್ಟಾಗ ಅವನು ಅತ್ತದ್ದು ನಿಜವಾ?

1550ರ ಮೇ 2ರಂದು ಅವಳನ್ನು ಜೀವಂತ ಸುಟ್ಟರು. ಕ್ರಿಸ್ತ ತನ್ನ ತಾಯಿ ಮೇರಿಯ ಮೈಯಿಂದ ದೇಹ ಪಡೆಯಲಿಲ್ಲ ಎಂಬ ಅವಳ ನಂಬಿಕೆಯೇ ಅಪರಾಧ. ರಾಜ ಸಹಿ ಹಾಕಲು ಒಪ್ಪದೆ ಅತ್ತ, ಆರ್ಚ್‌ಬಿಷಪ್ ಕ್ರ್ಯಾನ್ಮರ್ ಒತ್ತಾಯಿಸಿದ ಅಂತ ಪ್ರಾಟೆಸ್ಟೆಂಟ್ ಲೇಖಕ ಜಾನ್ ಫಾಕ್ಸ್ ಆಮೇಲೆ ಬರೆದ. ದಿನಚರಿಯಲ್ಲಿ ಅಂಥ ಸುಳಿವಿಲ್ಲ. ಅವಳನ್ನು ಸುಟ್ಟರು, ಚಿತೆಯ ಬಳಿ ಬೋಧಿಸಲು ಬಂದವನನ್ನೇ ಅವಳು ಬೈದಳು ಅಂತ ಮಾತ್ರ ಇದೆ. ಕಣ್ಣೀರಿನ ಕಥೆಯನ್ನು ನಾನು ನಂಬುವುದಿಲ್ಲ. ಅವನನ್ನು ಪ್ರೀತಿಸುವವರು ಇಲ್ಲಿ ಅವನಿಗೆ ರಿಯಾಯಿತಿ ಕೊಡಬಾರದು.

ಇಂಗ್ಲೆಂಡಿನ ಅಷ್ಟೊಂದು ಶಾಲೆಗಳಿಗೆ ಅವನ ಹೆಸರು ಯಾಕೆ?

ಅರ್ಧ ಸತ್ಯದ ಕೀರ್ತಿ ಇದು. ಸತ್ತವರಿಗಾಗಿ ಪ್ರಾರ್ಥನೆ ನಡೆಸಲು ದತ್ತಿ ಬಿಟ್ಟ ಚಾಂಟ್ರಿ ಎಂಬ ಸಂಸ್ಥೆಗಳಿದ್ದವು. ಎಷ್ಟೋ ಕಡೆ ಅಲ್ಲಿನ ಪಾದ್ರಿಯೇ ಊರ ಮಕ್ಕಳಿಗೆ ಮೇಷ್ಟ್ರು. 1547ರ ಕಾಯ್ದೆಯಲ್ಲಿ ಅವುಗಳ ಆಸ್ತಿಯೆಲ್ಲ ರಾಜನ ಖಜಾನೆಗೆ ಬಂತು. ಅದರಲ್ಲಿ ಸ್ವಲ್ಪ ಶಾಲೆಗಳಿಗೆ ತಿರುಗಿ ಹೋಯಿತು, ಜೊತೆಗೆ ಅವನ ಹೆಸರೂ ಹೋಯಿತು. ಶೇಕ್ಸ್‌ಪಿಯರ್‌ನ ಊರಾದ ಸ್ಟ್ರಾಟ್‌ಫರ್ಡ್‌ನ ಶಾಲೆಯ ಸನದು ಬಂದದ್ದು 1553ರ ಜೂನ್‌ನಲ್ಲಿ.

ಲಂಡನ್ನಿನ ಕ್ರೈಸ್ಟ್ಸ್ ಹಾಸ್ಪಿಟಲ್ ವಿಷಯ ಬೇರೆ. ಹೆಸರು ಹಾಸ್ಪಿಟಲ್, ಕೆಲಸ ಬಡ ಮಕ್ಕಳ ಊಟ, ವಸತಿ, ವಿದ್ಯೆ. ಬಿಷಪ್ ರಿಡ್ಲಿ ಬಡವರ ಬಗ್ಗೆ ಮಾಡಿದ ಉಪದೇಶ ಕೇಳಿ ಎಡ್ವರ್ಡ್ ಅವನನ್ನು ಕರೆಸಿ, ನಾನೇನು ಮಾಡಲಿ ಅಂತ ಕೇಳಿದ ಎಂದು ಹೇಳುತ್ತಾರೆ. ಸನದಿನ ತಾರೀಕು 1553ರ ಜೂನ್ 26. ಸಾಯಲು ಹತ್ತು ದಿನ ಇತ್ತು. ಆ ಶಾಲೆ ಈಗ ಹಾರ್ಷಮ್‌ನಲ್ಲಿದೆ. ಮಕ್ಕಳು ಇಂದಿಗೂ ಉದ್ದ ನೀಲಿ ಕೋಟು, ಹಳದಿ ಕಾಲುಚೀಲ ಹಾಕುತ್ತಾರೆ.

ಅಕ್ಕಂದಿರನ್ನು ಬಿಟ್ಟು ಜೇನ್ ಗ್ರೇಗೆ ಸಿಂಹಾಸನ ಕೊಟ್ಟದ್ದು ಅವನ ನಿರ್ಧಾರವಾ?

ಜೇನ್ ಗ್ರೇ ಅಂದರೆ ಅಪ್ಪ ಹೆನ್ರಿಯ ತಂಗಿಯ ಮೊಮ್ಮಗಳು. ಸಿಂಹಾಸನ ಯಾರಿಗೆ ಅಂತ ಎಡ್ವರ್ಡ್ ತಾನೇ ಬರೆದ ಕಾಗದ ಲಂಡನ್ನಿನ ಇನ್ನರ್ ಟೆಂಪಲ್ ಗ್ರಂಥಾಲಯದಲ್ಲಿದೆ. ಮೊದಲು ಜೇನ್‌ಳ ಗಂಡುಮಕ್ಕಳಿಗೆ ಅಂತ ಬರೆದಿದ್ದ. ಆದರೆ ಅವಳಿಗೆ ಮಕ್ಕಳೇ ಇರಲಿಲ್ಲ, ಇವನಿಗೆ ದಿನ ಇರಲಿಲ್ಲ. ಆಗ ಒಂದು ಅಕ್ಷರ ಹೊಡೆದು, ಸಾಲಿನ ಮೇಲೆ ಎರಡು ಚಿಕ್ಕ ಪದ ತುರುಕಿದ. ಜೇನ್‌ಳಿಗೂ ಅವಳ ಗಂಡುಮಕ್ಕಳಿಗೂ ಅಂತಾಯಿತು. ಹದಿನೈದು ವರ್ಷದ ಹುಡುಗ ಜ್ವರದಲ್ಲಿ ಮಾಡಿದ ಆ ತಿದ್ದುಪಡಿ ಒಂದು ಜೀವವನ್ನೇ ತೆಗೆಯಿತು. ಜೇನ್ ರಾಣಿ ಅನ್ನಿಸಿಕೊಂಡದ್ದು ಒಂಬತ್ತು ದಿನ. 1554ರ ಫೆಬ್ರವರಿಯಲ್ಲಿ ಅವಳ ತಲೆ ಹೋಯಿತು.

ಜೇನ್ ಮದುವೆಯಾಗಿದ್ದದ್ದು ಡಡ್ಲಿಯ ಮಗನನ್ನು. ಹಾಗಾಗಿ ಎಲ್ಲ ಅವನ ಪಿತೂರಿ ಅಂತ ಹಳೆಯ ಮಾತು. ಡಡ್ಲಿಯ ಕೈ ಇತ್ತು, ಅನುಮಾನವಿಲ್ಲ. ಆದರೆ ಇದು ಕಾನೂನಿಗೆ ವಿರುದ್ಧ ಅಂದ ನ್ಯಾಯಾಧೀಶ ಮಾಂಟಗ್ಯುವನ್ನು ಹಾಸಿಗೆ ಹಿಡಿದ ರಾಜನೇ ಗದರಿಸಿದ. ಮೇರಿ ಬಂದರೆ ತನ್ನ ಕೆಲಸವೆಲ್ಲ ಅಳಿಸಿ ಹೋಗುತ್ತದೆ ಅಂತ ಅವನಿಗೆ ಗೊತ್ತಿತ್ತು. ಅದು ಹಾಗೇ ಆಯಿತು ಕೂಡ.

ಅವನಿಗೆ ವಿಷ ಹಾಕಿದರಾ?

ಇಲ್ಲ. ಆಗ ಗಾಳಿಸುದ್ದಿ ಹಬ್ಬಿತ್ತು ಅಷ್ಟೇ. ತಿಂಗಳುಗಟ್ಟಲೆ ಕೆಮ್ಮು, ಜ್ವರ, ಕೊಳೆತ ವಾಸನೆಯ ಕಫ. ಕ್ಷಯ ಇರಬೇಕು, ಇಲ್ಲವೇ ಶ್ವಾಸಕೋಶದ ಬೇರೆ ಸೋಂಕು. 1553ರ ಜುಲೈ 6ರ ಸಂಜೆ ಗ್ರೀನಿಚ್ ಅರಮನೆಯಲ್ಲಿ ತೀರಿಕೊಂಡ.

ರಾಜಕುಮಾರ ಭಿಕ್ಷುಕ ಹುಡುಗನ ಜೊತೆ ಬಟ್ಟೆ ಬದಲಾಯಿಸಿದ ಕಥೆ?

ಅದು ಮಾರ್ಕ್ ಟ್ವೇನ್ 1881ರಲ್ಲಿ ಬರೆದ ಕಾದಂಬರಿ. ನಡೆದದ್ದಲ್ಲ. ದಯಾಳು ಬಾಲರಾಜ ಎಂಬ ಹೆಸರು ದೇಶ ದಾಟಿ ಹೋದದ್ದು ಮಾತ್ರ ಹೆಚ್ಚಾಗಿ ಅದರಿಂದಲೇ.

ಅವನ ಹೆಸರು ಹೀಗೆ ಎರಡು ತುದಿಗೆ ಹೋಗಿದ್ದು ಯಾಕೆ?

ಅವನ ನಂತರ ಬಂದ ಮೇರಿಯ ಕಾಲದಲ್ಲಿ ಸುಮಾರು 280 ಪ್ರಾಟೆಸ್ಟೆಂಟರನ್ನು ಸುಟ್ಟರು. ಕ್ರ್ಯಾನ್ಮರ್, ರಿಡ್ಲಿ ಇಬ್ಬರೂ ಬೆಂಕಿಗೆ ಹೋದರು. ಉಳಿದವರಿಗೆ ಎಡ್ವರ್ಡ್‌ನ ಆರು ವರ್ಷ ಚಿನ್ನದ ಕಾಲವಾಗಿ ಕಂಡಿತು. ಎಂಟನೇ ವಯಸ್ಸಿಗೆ ರಾಜನಾಗಿ ವಿಗ್ರಹ ಒಡೆಸಿದ ಬೈಬಲ್ಲಿನ ಯೋಷೀಯನ ಹೆಸರನ್ನು ಅವನಿಗೆ ಇಟ್ಟರು. ಇನ್ನೊಂದು ಕಡೆ, ಬಣ್ಣದ ಗಾಜು, ಮೂರ್ತಿ, ಗೋಡೆಚಿತ್ರ ಕಳೆದುಕೊಂಡ ಚರ್ಚುಗಳ ಜನರಿಗೆ ಅವನ ಕಾಲ ಅಂದರೆ ಸುಣ್ಣ ಬಳಿದ ಬೋಳು ಗೋಡೆ.

ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿ ವಿಲಿಯಂ ಸ್ಕ್ರಾಟ್ಸ್ 1546ರಲ್ಲಿ ಬರೆದ ಅವನ ಚಿತ್ರ ಒಂದಿದೆ. ಎದುರಿಗೆ ನಿಂತರೆ ಮುಖ ಅಡ್ಡಕ್ಕೆ ಎಳೆದ ರಬ್ಬರಿನ ಹಾಗೆ ಉದ್ದಕ್ಕೆ ಹರಡಿದೆ, ಮೂಗು ಚಾಚಿದೆ. ಪಕ್ಕದ ಅಂಚಿಗೆ ಹೋಗಿ ಓರೆಯಲ್ಲಿ ನೋಡಿದರೆ ಒಂಬತ್ತು ವರ್ಷದ ಚಂದದ ಹುಡುಗ ಕಾಣುತ್ತಾನೆ.

ಅವನ ಸಮಾಧಿ ಎಲ್ಲಿದೆ?

ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ, ಅಜ್ಜ ಏಳನೇ ಹೆನ್ರಿ ಕಟ್ಟಿಸಿದ ಪ್ರಾರ್ಥನಾ ಮಂದಿರದಲ್ಲಿ. 1553ರ ಆಗಸ್ಟ್ 8ರಂದು ಕ್ರ್ಯಾನ್ಮರ್ ಹೊಸ ಪದ್ಧತಿಯಂತೆ ಮಣ್ಣು ಮಾಡಿಸಿದ. ಅತ್ತ ಟವರ್ ಕೋಟೆಯಲ್ಲಿ ಅಕ್ಕ ಮೇರಿ ತಮ್ಮನ ಆತ್ಮಕ್ಕೆ ಶಾಂತಿ ಸಿಗಲಿ ಅಂತ ಮಾಸ್ ಪೂಜೆ ಮಾಡಿಸಿದಳು, ಅವನು ಬೇಡವೇ ಬೇಡ ಅಂದಿದ್ದ ಅದೇ ಪೂಜೆ. ನಾಲ್ಕು ನೂರು ವರ್ಷ ಆ ಜಾಗದಲ್ಲಿ ಹೆಸರಿನ ಕಲ್ಲೂ ಇರಲಿಲ್ಲ. 1966ರಲ್ಲಿ ಒಂದು ಕಲ್ಲು ಹಾಕಿಸಿದರು. ಹಾಕಿಸಿದ್ದು ಕ್ರೈಸ್ಟ್ಸ್ ಹಾಸ್ಪಿಟಲ್, ಆ ನೀಲಿ ಕೋಟಿನ ಮಕ್ಕಳ ಶಾಲೆ.